ನಿಂತ ಗಾಡೀಗೆ ಪಾಸು, ಓಡೋ ಗಾಡೀಗೆ?

ಎಮಿಷನ್ ಟೆಸ್ಟಿನ ಚೀಟಿ ಕೈಯಾಗ ಇದ್ರ ಸಾಕು, ತಮ್ಮ ಗಾಡಿ ತುಳಸಿಕಟ್ಟಿಯಷ್ಟು ಪವಿತ್ರ ಅಂತ ತಿಳದಾರ ನಮ್ಮ ಜನ. ಪಾಸ್ ಆಗೈತಿ, ಖರೆ. ಯಾವ ಪರೀಕ್ಷಾದಾಗ ಅನ್ನೋದ ನನ್ನ ತಕರಾರು.

ಮಷೀನಿನ ಮ್ಯಾಲ ಸಿಟ್ಟಿಲ್ಲರಿ ನನಗ, ಅದು ಭಾಳ ಶಾಣ್ಯಾ. ಸೈಲೆನ್ಸರಿನ ಬಾಯಾಗ ಕೊಳವಿ ಇಟ್ರ ಹೊಗಿ ಎಳಕೊಂಡು, ಅದರೊಳಗಿಂದ ಇನ್‌ಫ್ರಾರೆಡ್ ಬೆಳಕು ಹಾಯಸ್ತೈತಿ. ಕಾರ್ಬನ್ ಮೊನಾಕ್ಸೈಡ್ ಆ ಬೆಳಕಿನ ಒಂದು ಪಾಲು ನುಂಗತೈತಿ, ಪೂರಾ ಸುಡದ ಪೆಟ್ರೋಲಿನ ಹೈಡ್ರೋಕಾರ್ಬನ್ ಇನ್ನೊಂದು ಪಾಲು. ಎಷ್ಟು ಬೆಳಕು ಕಡಿಮಿ ಬಂತು ಅಂತ ಆಚೀ ಕಡಿ ಕೂತ ಸೆನ್ಸರು ಲೆಕ್ಕ ಹಾಕತೈತಿ. ಡೀಸೆಲ್ ಗಾಡೀಗೆ ಅಷ್ಟೂ ಇಲ್ಲ. ನಿಂತಲ್ಲೇ ಆಕ್ಸಿಲರೇಟರ್ ತುಳಿದು ಹೊಗಿ ಎಷ್ಟು ದಟ್ಟ ಐತಿ ಅಂತ ನೋಡ್ತಾರ, ಮುಗೀತು.

ಹಂಗಾದ್ರ ನೈಟ್ರೋಜನ್ ಆಕ್ಸೈಡ್? ಅದನ್ನ ಅಲ್ಲಿ ಯಾರೂ ಕೇಳಂಗಿಲ್ಲ. ದಮ್ಮಿನ ರೋಗ ಇದ್ದೋರ ಎದಿ ಕೆರಳಸೋ ಗಾಳಿ ಅದು. ಎಂಜಿನ್ ಭಾರ ಎಳಿಯೂವಾಗ, ಒಳಗ ಉರಿ ಜೋರಾದಾಗ ಹೆಚ್ಚು ಹುಟ್ಟತೈತಿ. ನಿಂತ ಗಾಡ್ಯಾಗ ಅದನ್ನ ಹುಡುಕೂದಂದ್ರ, ಒಲಿ ಹಚ್ಚದ ಹಾಲು ಉಕ್ಕತೈತೇನು ಅಂತ ಕಾದಂಗ.

ಅಮೆರಿಕದಾಗ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದವ್ರು ಅಳಿಯೋ ಸಾಮಾನೆಲ್ಲಾ ಡೀಸೆಲ್ ಕಾರಿನ್ಯಾಗ ಹೇರಿ ರಸ್ತೆಗಿಳದ್ರು. ಲ್ಯಾಬಿನ್ಯಾಗ ಸಂಭಾವಿತ ಆಗಿದ್ದ ಫೋಕ್ಸ್‌ವ್ಯಾಗನ್ ಜೆಟ್ಟಾ, ರಸ್ತ್ಯಾಗ ಮಿತಿಗಿಂತ 15ರಿಂದ 35 ಪಟ್ಟು ನೈಟ್ರೋಜನ್ ಆಕ್ಸೈಡ್ ಕಾರ್ತಿತ್ತು! ಪರೀಕ್ಷಾ ನಡದೈತಿ ಅಂತ ಗುರುತು ಹಿಡಿಯೋ ಸಾಫ್ಟ್‌ವೇರ್ ಅದರಾಗ ಇತ್ತು. 2015ರಾಗ ಕಂಪನಿ ಒಪ್ಪಿಕೊಂಡ್ತು. ಮಾಸ್ತರು ಬಂದಾಗಷ್ಟ ಪುಸ್ತಕ ತಗಿಯೋ ಹುಡುಗರು ನಮ್ಮಲ್ಲೇ ಇದಾರ ಅನ್ಕೊಂಡಿದ್ದೆ.

"ಓಡೋ ಗಾಡೀನ ಹ್ಯಾಂಗ ಅಳಿತೀರಿ ಅಕ್ಕಾರ?" ಅಂತೀರೇನು? ಡೆನ್ವರ್ ವಿಶ್ವವಿದ್ಯಾಲಯದ ಡೊನಾಲ್ಡ್ ಸ್ಟೆಡ್‌ಮನ್ 1980ರ ದಶಕದಾಗೇ ಮಾಡಿ ತೋರಿಸ್ಯಾರ. ರಸ್ತೆಗೆ ಅಡ್ಡ ಬೆಳಕು ಬಿಡೂದು, ಗಾಡಿ ದಾಟಿದ ಕೂಡ್ಲೆ ಅದರ ಬೆನ್ನಿನ ಹೊಗಿ ಅಳಿಯೂದು. ಒಂದು ಸೆಕೆಂಡಿನ ಕೆಲಸ, ಗಾಡಿ ನಿಲ್ಲಸೂದೂ ಬ್ಯಾಡ. ಮುಂದ ಅದಕ್ಕ ಅತಿನೇರಳೆ ಬೆಳಕೂ ಕೂಡಿ, ನೈಟ್ರಿಕ್ ಆಕ್ಸೈಡೂ ಲೆಕ್ಕಕ್ಕ ಬಂತು.

ರೊಕ್ಕ ಭಾಳ ಹತ್ತತೈತಿ ಅಂತಾರ. ನಮ್ಮ ಅತ್ತಿಯವರು ರಸ್ತೆ ಕಡಿ ಕಿಡಕಿ ಮುಚ್ಚಿಕೊಂಡು ದಿನಾ ನೆಬ್ಯುಲೈಜರ್ ಹಚ್ಚಿಕೊಂಡು ಕೂಡ್ತಾರ. ಆ ಔಷಧದ ರೊಕ್ಕ ಯಾವ ಇಲಾಖೆಯ ಲೆಕ್ಕದಾಗ ಬರತೈತ್ರಿ? ಹುಬ್ಬಳ್ಳಿ-ಧಾರವಾಡದ ನಡುವ, ಲಾರಿ ತೇಕೊಂತ ಏರು ಹತ್ತೋ ಕಡಿ ಅಂಥದೊಂದು ಮಷೀನ್ ಇಡ್ರಿ. ಪಾಸ್ ಆದೋರು ಎಷ್ಟು ಮಂದಿ ಅಂತ ಆಮ್ಯಾಲ ಮಾತಾಡೂಣು.