ಹಗ್ಗ ಹಿಡಿಯುವ ಮುನ್ನ ಹತ್ತು ನಿಮಿಷ

ವರ್ಷವಿಡೀ ಲ್ಯಾಬಿನ ಸ್ಟೂಲಿನ ಮೇಲೋ ಆಫೀಸಿನ ಕುರ್ಚಿಯಲ್ಲೋ ಕುಳಿತು ದುಡಿಯುವ ನಾವು, ಪಿಕ್‌ನಿಕ್ಕಿನ ದಿನ ಬಿಸಿಬೇಳೆಭಾತ್ ಮುಗಿಸಿ ಎದ್ದೊಡನೆ ಹದಿನೆಂಟರ ಹುಡುಗರಾಗಿಬಿಡುತ್ತೇವೆ. ಎಡಿಸನ್ನಿನ ರೂಸ್‌ವೆಲ್ಟ್ ಪಾರ್ಕಿನಲ್ಲಿ ಒಂದು ಬೇಸಗೆ ನಾವೂ ಹಾಗೆಯೇ ಒಂದು ರನ್ನಿಗಾಗಿ ಓಡಿದೆವು. ತೊಡೆಯ ಹಿಂದೆ ಯಾರೋ ಕಲ್ಲು ಬೀಸಿದಂತಾಯಿತು. ಆಮೇಲೆ ಆರು ವಾರ ಮಗಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತಲಾಗಲಿಲ್ಲ.

ನಮ್ಮ ಮನೆಮಾತಿನಲ್ಲಿ ಎಲ್ಲವೂ 'ಉಳುಕು'. ಆದರೆ ಕೀಲಿನ ಕಟ್ಟುಗಳು ಹಿಗ್ಗಿ ಹರಿಯುವುದು ಬೇರೆ, ಸ್ನಾಯುವಿನ ಎಳೆಗಳು ಹರಿಯುವುದು ಬೇರೆ. ನಮಗಾದದ್ದು ಎರಡನೆಯದು. ಅಂದು ಹಿರಿಯರೊಬ್ಬರು ಪ್ರೀತಿಯಿಂದ ಎಣ್ಣೆ ಹಚ್ಚಿ ತಿಕ್ಕಲು ಬಂದರು. ಮೊದಲ ಎರಡು ಮೂರು ದಿನ ತಿಕ್ಕುವುದೂ ಬಿಸಿ ಶಾಖ ಕೊಡುವುದೂ ಒಳಗಿನ ರಕ್ತಸ್ರಾವವನ್ನು ಹೆಚ್ಚಿಸಬಹುದು, ಬೇಡ.

ವಿಶ್ರಾಂತಿ, ಐಸು, ಬಿಗಿಪಟ್ಟಿ, ಕಾಲನ್ನು ಎತ್ತರಿಸಿಡುವುದು ಎಂಬ ಸೂತ್ರವನ್ನು 1978ರಲ್ಲಿ ಹೇಳಿದವರು ಡಾ. ಗೇಬ್ ಮಿರ್ಕಿನ್. ಐಸು ವಾಸಿಯಾಗುವುದನ್ನು ತಡಮಾಡಬಹುದೆಂದು 2014ರಲ್ಲಿ ತಿದ್ದಿಕೊಂಡವರೂ ಅವರೇ. ಊತವು ದೇಹದ ರಿಪೇರಿ ಕೆಲಸದ ಮೊದಲ ಹೆಜ್ಜೆ. ನೋವಿಗೆ ಸ್ವಲ್ಪ ಹೊತ್ತು ಐಸು ಇಟ್ಟರೆ ತಪ್ಪಿಲ್ಲ. ಆದರೆ ವಾರಗಟ್ಟಲೆ ಮಲಗುವುದು ತಪ್ಪು. ಎರಡು ಮೂರು ದಿನದ ನಂತರ, ನೋವು ಹೆಚ್ಚದಷ್ಟು ನಡೆದಾಡಬೇಕು. ರಸಾಯನಶಾಸ್ತ್ರ ಬಲ್ಲವರಾಗಿ ಇನ್ನೊಂದು ಮಾತು: ಐಬುಪ್ರೊಫೆನ್ ಮಾತ್ರೆ ನೋವನ್ನು ಅಡಗಿಸುತ್ತದೆ, ಹರಿದ ಎಳೆಯನ್ನು ಹೊಲಿಯುವುದಿಲ್ಲ. ಮಾತ್ರೆ ನುಂಗಿ ಮತ್ತೆ ಆಟಕ್ಕಿಳಿಯುವುದು ಸಾಹಸವಲ್ಲ, ಅವಿವೇಕ.

'ಟಪ್' ಎಂಬ ಸದ್ದಾದರೆ, ಸ್ನಾಯುವಿನಲ್ಲಿ ತಗ್ಗು ಕಂಡರೆ, ಕಾಲೂರಲಾಗದಿದ್ದರೆ ಡಾಕ್ಟರಲ್ಲಿಗೆ ಹೋಗಬೇಕು. ಬೆಂಗಳೂರಿನ ದೀರ್ಘ ವಿಮಾನಯಾನದ ನಂತರ ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ಅದನ್ನು ಉಳುಕೆಂದು ತಿಕ್ಕಲೇಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಅಂದೇ ತೋರಿಸಿ.

ನಮ್ಮ ಕೆ. ಎಲ್. ರಾಹುಲ್ 2023ರ ಮೇ 1ರಂದು ಚೆಂಡಿನ ಹಿಂದೆ ಓಡುತ್ತ ತೊಡೆಗೆ ಪೆಟ್ಟು ಮಾಡಿಕೊಂಡರು. ಶಸ್ತ್ರಚಿಕಿತ್ಸೆಯಾಯಿತು, ಬೆಂಗಳೂರಿನ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಅಭ್ಯಾಸವಾಯಿತು. ಸೆಪ್ಟೆಂಬರಿನಲ್ಲಿ ಪಾಕಿಸ್ತಾನದ ವಿರುದ್ಧ ಶತಕ ಹೊಡೆದು ಮರಳಿದರು. ದಿನವೂ ಮೈ ಪಳಗಿಸುವವರಿಗೇ ಹೀಗಾದರೆ, ವರ್ಷಕ್ಕೊಮ್ಮೆ ಓಡುವ ನಮ್ಮ ಗತಿಯೇನು?

ಆದ್ದರಿಂದ ಸಮಿತಿಯವರಲ್ಲಿ ನಮ್ಮ ವಿನಂತಿ: ಆಟಗಳನ್ನು ಊಟಕ್ಕೆ ಮುಂಚೆ ಇಡಿ. ಹಗ್ಗಜಗ್ಗಾಟಕ್ಕೆ ಮೊದಲು ಹತ್ತು ನಿಮಿಷ ಎಲ್ಲರನ್ನೂ ನಡೆಸಿ, ಮೆಲ್ಲನೆ ಓಡಿಸಿ, ಕೈಕಾಲು ಬೀಸಿಸಿ. ಚಳಿಗಾಲದಲ್ಲಿ ಹಿಮ ತೆಗೆಯಲು ಸಲಿಕೆ ಹಿಡಿಯುವ ಮುನ್ನವೂ ಇದೇ ನಿಯಮ. ಎತ್ತುವುದಕ್ಕಿಂತ ತಳ್ಳುವುದು ಲೇಸು, ಎತ್ತಲೇಬೇಕಾದರೆ ಮೊಣಕಾಲು ಬಗ್ಗಿಸಿ. ಹಗ್ಗದಾಟದಲ್ಲಿ ಸೋತರೆ ಮುಂದಿನ ವರ್ಷ ಗೆಲ್ಲಬಹುದು. ಮಕ್ಕಳನ್ನು ಎತ್ತಿಕೊಳ್ಳುವ ವಯಸ್ಸು ಮಾತ್ರ ಮರಳಿ ಬಾರದು.