ಆಕಾಶದ ಅಂಚೆಯೂ ಗ್ರಾಮಶಾಲೆಯೂ

ತುಮಕೂರು ನಗರದಿಂದ ಕುಣಿಗಲಿಗೆ ನಲವತ್ತು ಕಿಲೋಮೀಟರೂ ಇಲ್ಲ. ಗುಬ್ಬಿಯಂತೂ ಇನ್ನೂ ಸಮೀಪ. ಆದರೆ ಈ ತಾಲ್ಲೂಕುಗಳ ಒಳನಾಡಿನ ಶಾಲೆಯೊಂದು ತಂತಿಯ ಆಸರೆಯಿಲ್ಲದೆ ಭೂಸ್ಥಿರ ಉಪಗ್ರಹದ ಮೂಲಕ ಅಂತರ್ಜಾಲವನ್ನು ಪಡೆಯುವುದಾದರೆ, ನಗರದಿಂದ ಬರುವ ಒಂದು ಪುಟವೂ ಸುಮಾರು 36,000 ಕಿ.ಮೀ. ಮೇಲೇರಿ ಅಷ್ಟೇ ದೂರ ಕೆಳಗಿಳಿಯಬೇಕು. ಬೆಳಕಿನ ವೇಗದಲ್ಲಿಯೂ ಇದಕ್ಕೆ ಕಾಲು ಸೆಕೆಂಡು ಬೇಕು. ಪ್ರಶ್ನೆ ಹೋಗಿ ಉತ್ತರ ಬರುವಷ್ಟರಲ್ಲಿ ಅರ್ಧ ಸೆಕೆಂಡು. ಈ ವಿಳಂಬವನ್ನು ಯಾವ ದಾನಿಯ ಹಣವೂ ಕಡಮೆ ಮಾಡಲಾರದು.

2004ರ ಸೆಪ್ಟೆಂಬರ್ 20ರಂದು ಉಡಾವಣೆಗೊಂಡ ಎಜುಸ್ಯಾಟ್ ಮೂಲಕ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠಗಳು ಪ್ರಸಾರವಾದಾಗ ಇದು ತೊಡಕಾಗಲಿಲ್ಲ. ಅದು ಪ್ರವಚನದ ರೀತಿ: ಒಬ್ಬರು ಹೇಳುವುದು, ಎಲ್ಲರೂ ಕೇಳುವುದು. ಅಂತರ್ಜಾಲವಾದರೋ ಸಂವಾದ. ಕಳುಹಿಸುವ ಗಣಕವು ಸ್ವಲ್ಪ ಭಾಗವನ್ನು ಕಳುಹಿಸಿ, ‘ತಲುಪಿತು’ ಎಂಬ ಮರುಓಲೆಯನ್ನು ನಿರೀಕ್ಷಿಸುತ್ತದೆ. ಹಳೆಯ ಕಟ್ಟಳೆಯಂತೆ ಮರುಓಲೆಗೆ ಮುನ್ನ ಕಳುಹಿಸಬಹುದಾದ ಗರಿಷ್ಠ ಪ್ರಮಾಣ 65,535 ಬೈಟು. ಅರ್ಧ ಸೆಕೆಂಡಿಗೆ ಇಷ್ಟೇ ಎಂದಾದರೆ, 10 ಮೆಗಾಬಿಟ್‌ನ ಹಾದಿಯನ್ನು ಕೊಂಡರೂ ಒಂದು ಸಂಪರ್ಕಕ್ಕೆ ದಕ್ಕುವುದು ಸೆಕೆಂಡಿಗೆ ಸುಮಾರು 1 ಮೆಗಾಬಿಟ್ ಮಾತ್ರ! 1992ರಲ್ಲಿ ಈ ಮಿತಿಯನ್ನು ಹಿಗ್ಗಿಸುವ ಕ್ರಮವು ಪ್ರಕಟವಾಯಿತು. ಈಗಿನ ಗಣಕಗಳಲ್ಲಿ ಅದು ಸಾಮಾನ್ಯ. ಆದರೂ ಪ್ರತಿ ಸಂಪರ್ಕವೂ ಅಲ್ಪದಿಂದ ಆರಂಭಿಸಿ ಮರುಓಲೆ ಬಂದಂತೆಲ್ಲ ವೇಗವನ್ನು ಹೆಚ್ಚಿಸುವುದರಿಂದ, ಸಣ್ಣ ಪುಟಗಳು ವೇಗ ಕೂಡುವ ಮೊದಲೇ ಮುಗಿದಿರುತ್ತವೆ. ಮಳೆಯಿಂದ ತುಣುಕೊಂದು ಕಳೆದುಹೋದರೂ, ಹಾದಿಯಲ್ಲಿ ದಟ್ಟಣೆಯಿದೆಯೆಂದು ಬಗೆದು ವೇಗವನ್ನು ತಗ್ಗಿಸಿಕೊಳ್ಳುವ ಅತಿವಿನಯ ಬೇರೆ.

ಪರಿಹಾರದ ತತ್ತ್ವ ನಾಡಿಗೆ ಹೊಸತಲ್ಲ. ಚಿಕ್ಕದೇವರಾಜ ಒಡೆಯರು ನೆಲೆಗೊಳಿಸಿದ ಮೈಸೂರು ಅಂಚೆಯಲ್ಲಿ ಚೀಲವು ಅಂಚೆಮನೆಯಿಂದ ಅಂಚೆಮನೆಗೆ ಕೈಬದಲಾಗುತ್ತ ಸಾಗುತ್ತಿತ್ತು. ಅದೇ ಪ್ರಕಾರ ಉಪಗ್ರಹದ ಹಾದಿಯ ಎರಡು ತುದಿಗಳಲ್ಲಿ ಮಧ್ಯವರ್ತಿ ಯಂತ್ರಗಳನ್ನಿಟ್ಟರೆ, ಅವು ಹತ್ತಿರದಿಂದಲೇ ಮರುಓಲೆ ಕೊಟ್ಟು ಆಕಾಶದ ಹಾದಿಯನ್ನು ಬರಿದಾಗಗೊಡದೆ ನಡೆಸುತ್ತವೆ. ಕ್ವಿಕ್ ಎಂಬ ಹೊಸ ಸಾಗಣೆಕ್ರಮದಲ್ಲಿ ಮಾತ್ರ ಮರುಓಲೆಯೂ ಮೊಹರಿನೊಳಗೇ ಇರುವುದರಿಂದ ಈ ಮಧ್ಯವರ್ತಿಗೆ ಕೈಯಾಡಿಸಲು ಎಡೆಯಿಲ್ಲ.

ಆದುದರಿಂದ ವಿದ್ಯಾದಾಸೋಹಕ್ಕೆ ಮುಂದಾಗುವ ಮಹನೀಯರು ಶಾಲೆಯ ಮಾಳಿಗೆಯ ಮೇಲೊಂದು ಆಂಟೆನಾ ನಿಲ್ಲಿಸಿ ಹೆಸರು ಬರೆಸಿದರೆ ಸಾಲದು. ಶಾಲೆಯೊಳಗೊಂದು ಸಂಗ್ರಹಗಣಕವೂ ಇರಬೇಕು. ರಾತ್ರಿಯ ಹೊತ್ತು ಪಾಠಗಳನ್ನೂ ನಿಘಂಟುಗಳನ್ನೂ ಅದರಲ್ಲಿ ತರಿಸಿಟ್ಟುಕೊಂಡರೆ, ನಲವತ್ತು ಮಕ್ಕಳಿಗಾಗಿ ಒಂದೇ ಪಾಠವು ನಲವತ್ತು ಸಲ ಆಕಾಶಯಾತ್ರೆ ಮಾಡಬೇಕಾಗಿಲ್ಲ. ಸುಮಾರು 550 ಕಿ.ಮೀ. ಎತ್ತರದ ಕೆಳಕಕ್ಷೆಯ ಉಪಗ್ರಹಗಳಿಂದ ವಿಳಂಬವು ಬಹಳ ಇಳಿಯುವುದು ನಿಜ. ಅಂಥ ಸೇವೆಯನ್ನು ಪಡೆದರೂ ಈ ಗಣಕ ವ್ಯರ್ಥವಾಗದು. ಸೇವೆ ಒದಗಿಸುವವರನ್ನು ವೇಗವೆಷ್ಟೆಂದು ಮಾತ್ರವಲ್ಲದೆ, ಮಧ್ಯವರ್ತಿ ವ್ಯವಸ್ಥೆಯುಂಟೇ, ತಿಂಗಳ ಮಿತಿಯೆಷ್ಟು ಎಂದೂ ಸಹಿಗೆ ಮುನ್ನವೇ ಕೇಳತಕ್ಕದ್ದು. ಇವೆಲ್ಲವನ್ನು ನೋಡಿಕೊಳ್ಳುವ ಉಪಾಧ್ಯಾಯರೊಬ್ಬರ ತರಬೇತಿಯ ವೆಚ್ಚವನ್ನು ದೇಣಿಗೆಯ ಪತ್ರದಲ್ಲಿಯೇ ಸೇರಿಸುವುದು ಯುಕ್ತ.