ಎರಡೆರಡು ಕಾಣುವ ಕಣ್ಣಿಗೆ ವಿಕಿರಣ ಬೇಡವೇ?



ಥೈರಾಯ್ಡ್ ಕಣ್ಣಿನ ಕಾಯಿಲೆಗೆ ವಿಕಿರಣ ಚಿಕಿತ್ಸೆ ಹಳತಾಯಿತು, ಕೈಬಿಡಿ ಎಂಬ ವಾದವನ್ನು ನಾನು ಒಪ್ಪಲಾರೆ. ಈ ಕಾಯಿಲೆಯಲ್ಲಿ ಕಣ್ಣಿನ ಹಿಂದಿನ ಸ್ನಾಯುಗಳು ಊದಿ ಬಿಗಿಯುತ್ತವೆ, ಆಗ ಒಂದು ವಸ್ತು ಎರಡಾಗಿ ಕಾಣುತ್ತದೆ. ಮೆಟ್ಟಿಲಿಳಿಯುವವರಿಗೆ ಒಂದು ಮೆಟ್ಟಿಲು ಎರಡಾಗಿ ಕಂಡರೆ ಕಾಲಿಡುವುದು ಯಾವುದರ ಮೇಲೆ? ಸಾಮಾನ್ಯವಾಗಿ ಎರಡು ವಾರಗಳಲ್ಲಿ 10 ಕಂತುಗಳಾಗಿ ಒಟ್ಟು 20 ಗ್ರೇ ವಿಕಿರಣ ಕೊಟ್ಟು, ಕಣ್ಣಿನ ಹಿಂದೆ ಜಮಾಯಿಸಿದ ಉರಿಯೂತದ ಜೀವಕೋಶಗಳನ್ನು ಅಡಗಿಸುತ್ತಾರೆ. 2000ದಲ್ಲಿ ಲ್ಯಾನ್ಸೆಟ್ ಪ್ರಕಟಿಸಿದ ಡಚ್ ಅಧ್ಯಯನದಲ್ಲಿ ನಿಜವಾದ ವಿಕಿರಣ ಪಡೆದವರಲ್ಲಿ ಶೇ 60ರಷ್ಟು, ತೋರಿಕೆಯ ಚಿಕಿತ್ಸೆ ಪಡೆದವರಲ್ಲಿ ಶೇ 31ರಷ್ಟು ಮಂದಿ ಚೇತರಿಸಿಕೊಂಡರು. ಲಾಭವಾದದ್ದು ಮುಖ್ಯವಾಗಿ ಕಣ್ಣಿನ ಚಲನೆಗೆ. ಮುಂದಕ್ಕೆ ಚಾಚಿದ ಗುಡ್ಡೆ ಹಿಂದೆ ಸರಿಯಲಿಲ್ಲ.

2001ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ ಅಧ್ಯಯನ ಪ್ರಯೋಜನ ಕಾಣಲಿಲ್ಲವಲ್ಲ ಎನ್ನಬಹುದು. ಆದರೆ ಅಲ್ಲಿನ ಅನೇಕರಲ್ಲಿ ಕಾಯಿಲೆ ಹಳೆಯದಾಗಿತ್ತು. ಉರಿಯೂತ ಆರಿದ ಮೇಲೆ ಉಳಿಯುವ ಗಾಯದ ಗಂಟನ್ನು ವಿಕಿರಣ ಕರಗಿಸದು. 2018ರ ಬ್ರಿಟಿಷ್ ಅಧ್ಯಯನದ ಆಕ್ಷೇಪ ಇದಕ್ಕಿಂತ ಗಟ್ಟಿ: ಸ್ಟೀರಾಯ್ಡ್ ಮಾತ್ರೆಗಳ ಜೊತೆ ವಿಕಿರಣ ಸೇರಿಸಿದರೂ ಹೆಚ್ಚುವರಿ ಲಾಭ ಸಿಗಲಿಲ್ಲ. ಆದ್ದರಿಂದಲೇ ಎಲ್ಲರಿಗೂ ಕೊಡಿ ಎಂದು ನಾನು ಹೇಳುತ್ತಿಲ್ಲ. 2021ರ ಯುರೋಪಿನ ಮಾರ್ಗಸೂಚಿ ವಿಕಿರಣವನ್ನು ಎರಡನೇ ಹಂತದ ಚಿಕಿತ್ಸೆಯಾಗಿ, ವಿಶೇಷವಾಗಿ ದ್ವಿದೃಷ್ಟಿ ಇರುವವರಿಗೆ, ಉಳಿಸಿಕೊಂಡಿರುವುದು ಸರಿಯಾಗಿದೆ. 2020ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಟೆಪ್ರೊಟುಮುಮ್ಯಾಬ್ ಎಂಬ ಔಷಧಿ ಗುಡ್ಡೆಯ ಚಾಚುವಿಕೆಯನ್ನೂ ತಗ್ಗಿಸುತ್ತದೆ ನಿಜ. ಆದರೆ ಅದರ ಬೆಲೆ ವಿಪರೀತ, ಕೆಲವರ ಶ್ರವಣಶಕ್ತಿಗೂ ಕುತ್ತು. ವಿಕಿರಣಕ್ಕೂ ಮಿತಿಗಳುಂಟು: ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲ ಕೆಟ್ಟವರಿಗೆ ಅದು ಸಲ್ಲದು, 35 ವರ್ಷ ದಾಟದವರಿಗೆ ಕೊಡಲು ವೈದ್ಯರು ಹಿಂಜರಿಯುತ್ತಾರೆ. ಹಾಗಾಗಿ ಅಕ್ಷಿಪಟಲದ ಪರೀಕ್ಷೆ ಮೊದಲು ಆಗಲಿ. ಈ ಕಾಯಿಲೆಯನ್ನು ಉಲ್ಬಣಿಸುವ ಸಿಗರೇಟನ್ನು ಧೂಮಪಾನಿಗಳು ಅಂದೇ ಬಿಡಲಿ.

— ಓದುಗ